ಸೈನಿಕರ ನಡುವೆ ನಂಬಿಕೆ ಮತ್ತು ಒಡನಾಟ ಬೆಳೆಸುವುದು: ಪದೇ ಪದೇ ಕೇಳುವ ಪ್ರಶ್ನೆಗಳು

ಸೈನ್ಯದಲ್ಲಿ ಒಗ್ಗಟ್ಟಿನ ಬಗ್ಗೆ ಭಾಷಣಗಳಿಗೆ ಕೊರತೆಯಿಲ್ಲ. ಆದರೆ ಮೊದಲ ಬಾರಿಗೆ ಒಂದು ಸೆಕ್ಷನ್ ಅಥವಾ ಕೆಲವು ಸೆಕ್ಷನ್‌ಗಳು ಸೇರಿದ ಪ್ಲಟೂನಿನ ಹೊಣೆ ಹೊತ್ತವರು, ತುಕಡಿಗೆ ಹೊಸದಾಗಿ ಬಂದವರು ಮತ್ತು ಅವರ ಮನೆಯವರು ಕೇಳುವ ಪ್ರಶ್ನೆಗಳು ಭಾಷಣದಿಂದ ಬಗೆಹರಿಯುವಂಥವಲ್ಲ. ಅಂಥ ಕೆಲವು ಪ್ರಶ್ನೆಗಳಿಗೆ ಇಲ್ಲಿ ಉತ್ತರಿಸಲಾಗಿದೆ. ಉದಾಹರಣೆಗಳನ್ನು ಬೇರೆ ಬೇರೆ ದೇಶಗಳ ಸೈನ್ಯಗಳ ಇತಿಹಾಸದಿಂದ ಆಯ್ದುಕೊಳ್ಳಲಾಗಿದೆ. ಸಮವಸ್ತ್ರದ ಬಣ್ಣ ಬದಲಾದರೂ ಈ ವಿಷಯದಲ್ಲಿ ಮನುಷ್ಯ ಸ್ವಭಾವ ಅಷ್ಟೇನೂ ಬದಲಾಗುವುದಿಲ್ಲ.

ಪ್ರಶ್ನೆ: ಸಹಸೈನಿಕರ ನಡುವಿನ ನಂಬಿಕೆ ಎಂದರೆ ಸ್ನೇಹವೇ ಅಲ್ಲವೇ?

ಅಲ್ಲ. ಎರಡೂ ಒಂದರ ಪಕ್ಕ ಒಂದು ಬೆಳೆಯುವುದರಿಂದ ಈ ಗೊಂದಲ ಸಹಜ. ರಾತ್ರಿ ಪಹರೆಯನ್ನು ಯೋಚಿಸಿ ನೋಡಿ. ನಿಮ್ಮ ಸರದಿ ಮುಗಿಸಿ ನೀವು ಮಲಗುವಾಗ, ಮುಂದಿನ ಎರಡು ಗಂಟೆ ಎಚ್ಚರವಾಗಿರಬೇಕಾದವನು ನಿಮಗೆ ಇಷ್ಟವಾದ ಮನುಷ್ಯನೇ ಆಗಿರಬೇಕೆಂದಿಲ್ಲ. ಅವನ ಮಾತು ನಿಮಗೆ ಹಿಡಿಸದಿರಬಹುದು, ಅವನ ಹಾಸ್ಯ ಕಿರಿಕಿರಿ ಎನಿಸಬಹುದು; ಆದರೆ ಅವನು ತೂಕಡಿಸುವುದಿಲ್ಲ ಎಂಬ ಭರವಸೆ ಇದ್ದರೆ ನಿಮಗೆ ನಿದ್ದೆ ಬರುತ್ತದೆ. ಅದೇ ಒಬ್ಬ ಪ್ರಾಣಸ್ನೇಹಿತ, ಕಾವಲಿನಲ್ಲಿ ಎರಡು ಸಲ ನಿದ್ದೆಗೆ ಜಾರಿ ಸಿಕ್ಕಿಬಿದ್ದವನಾಗಿದ್ದರೆ, ಸ್ನೇಹ ಎಷ್ಟೇ ಗಾಢವಾಗಿದ್ದರೂ ನೀವು ಒಂದು ಕಣ್ಣು ತೆರೆದೇ ಮಲಗುತ್ತೀರಿ.

ಸೈನ್ಯಗಳ ಒಗ್ಗಟ್ಟನ್ನು ಅಧ್ಯಯನ ಮಾಡಿದವರು ಈ ವ್ಯತ್ಯಾಸವನ್ನು ಎರಡು ಹೆಸರುಗಳಿಂದ ಗುರುತಿಸುತ್ತಾರೆ: ಒಂದೇ ಗುರಿಗೆ ಎಲ್ಲರೂ ಬದ್ಧರಾಗಿರುವುದರಿಂದ ಬರುವ ಕಾರ್ಯನಿಷ್ಠ ಒಗ್ಗಟ್ಟು, ಮತ್ತು ಪರಸ್ಪರ ಮೆಚ್ಚುಗೆಯಿಂದ ಬರುವ ಸಾಮಾಜಿಕ ಒಗ್ಗಟ್ಟು. ಬ್ರಯನ್ ಮುಲೆನ್ ಮತ್ತು ಕ್ಯಾರೊಲಿನ್ ಕಾಪರ್ ಎಂಬ ಮನಶ್ಶಾಸ್ತ್ರಜ್ಞರು ಹಿಂದಿನ ಹಲವಾರು ಅಧ್ಯಯನಗಳನ್ನು ಒಟ್ಟುಗೂಡಿಸಿ 1994ರಲ್ಲಿ ಪ್ರಕಟಿಸಿದ ವಿಶ್ಲೇಷಣೆಯಲ್ಲಿ, ಗುಂಪಿನ ಸಾಧನೆಗೆ ನಿಜವಾಗಿ ನಂಟಿರುವುದು ಕೆಲಸದ ಬಗೆಗಿನ ಬದ್ಧತೆಗೇ ಹೊರತು ಸದಸ್ಯರು ಪರಸ್ಪರ ಎಷ್ಟು ಇಷ್ಟಪಡುತ್ತಾರೆ ಎಂಬುದಕ್ಕಲ್ಲ ಎಂದು ಕಂಡುಬಂತು. ಅದಕ್ಕಿಂತ ಕುತೂಹಲದ ಸಂಗತಿಯೆಂದರೆ, ಒಗ್ಗಟ್ಟಿನಿಂದ ಸಾಧನೆ ಹುಟ್ಟುವುದಕ್ಕಿಂತ ಸಾಧನೆಯಿಂದ ಒಗ್ಗಟ್ಟು ಹುಟ್ಟುವುದೇ ಹೆಚ್ಚು ಬಲವಾಗಿ ಕಾಣಿಸಿತು. ಒಂದು ಕಠಿಣ ಕೆಲಸವನ್ನು ಚೆನ್ನಾಗಿ ಮಾಡಿ ಮುಗಿಸಿದ ತುಕಡಿಯಲ್ಲಿ ಸ್ನೇಹ ತಾನಾಗಿ ಚಿಗುರುತ್ತದೆ ಎಂದು ಇದರಿಂದ ತಿಳಿಯಬಹುದು. ಇದನ್ನು ಅರಿಯದ ಅಧಿಕಾರಿಗಳು ಮನರಂಜನೆಯ ಸಂಜೆಗಳಿಗೆ ಸಮಯ ಹೊಂದಿಸುತ್ತಾರೆ, ತರಬೇತಿಯ ಗಂಟೆಗಳನ್ನು ಮಾತ್ರ ಕಡಿತಗೊಳಿಸುತ್ತಾರೆ.

ಪ್ರಶ್ನೆ: ಇಡೀ ರೆಜಿಮೆಂಟಿನಲ್ಲಿ ಎಲ್ಲರೂ ಎಲ್ಲರನ್ನೂ ನಂಬುವಂತೆ ಮಾಡಲು ಸಾಧ್ಯವೇ?

ಸಾಧ್ಯವಿಲ್ಲ, ಅದರ ಅಗತ್ಯವೂ ಇಲ್ಲ. ಹೆಸರು, ನಡೆ, ದೌರ್ಬಲ್ಯ ಎಲ್ಲವನ್ನೂ ಬಲ್ಲ ನಂಬಿಕೆ ಹುಟ್ಟುವುದು ಎಂಟು ಹತ್ತು ಮಂದಿಯ ಸೆಕ್ಷನ್ನಿನಲ್ಲಿ, ಒಂದು ಟ್ಯಾಂಕಿನ ಒಳಗೆ, ಒಂದು ಫಿರಂಗಿಯ ಸುತ್ತ. 1870ರ ಯುದ್ಧದಲ್ಲಿ ಮಡಿದ ಫ್ರೆಂಚ್ ಅಧಿಕಾರಿ ಆರ್ದಾಂ ದ್ಯು ಪೀಕ್ ಇದನ್ನು ಒಂದು ಸಿಂಹದ ಉದಾಹರಣೆಯಿಂದ ವಿವರಿಸಿದ್ದ: ಒಬ್ಬರನ್ನೊಬ್ಬರು ಅರಿಯದ ನಾಲ್ವರು ಶೂರರು ಸಿಂಹದ ಮೇಲೆ ಬೀಳಲು ಹಿಂಜರಿಯುತ್ತಾರೆ, ಆದರೆ ಅಷ್ಟೇನೂ ಶೂರರಲ್ಲದಿದ್ದರೂ ಪರಸ್ಪರ ಬಲ್ಲ ನಾಲ್ವರು ಧೈರ್ಯವಾಗಿ ನುಗ್ಗುತ್ತಾರೆ. ಎರಡನೇ ಮಹಾಯುದ್ಧದ ಬಳಿಕ, 1948ರಲ್ಲಿ, ಸಮಾಜಶಾಸ್ತ್ರಜ್ಞರಾದ ಎಡ್ವರ್ಡ್ ಶಿಲ್ಸ್ ಮತ್ತು ಮಾರಿಸ್ ಜನೋವಿಟ್ಜ್ ಜರ್ಮನ್ ಸೈನ್ಯದ ಬಗ್ಗೆ ಬರೆದ ಪ್ರಬಂಧವೂ ಸೈನಿಕ ಕೊನೆಯವರೆಗೆ ಹೋರಾಡಲು ಅವನ ಹತ್ತಿರದ ಚಿಕ್ಕ ಗುಂಪೇ ಮುಖ್ಯ ಕಾರಣ ಎಂದು ವಾದಿಸಿತು. ನಾಜಿ ಸಿದ್ಧಾಂತದ ಪ್ರಭಾವವನ್ನು ಅವರು ತೀರಾ ಕಡಿಮೆ ಅಂದಾಜು ಮಾಡಿದರು ಎಂಬ ಟೀಕೆ ನಂತರದ ಇತಿಹಾಸಕಾರರಿಂದ ಬಂದಿದೆ, ಅದರಲ್ಲಿ ಹುರುಳೂ ಇದೆ.

ಇನ್ನು ರೆಜಿಮೆಂಟಿನ ಮಟ್ಟದಲ್ಲಿ ಇರುವುದು ಬೇರೆ ಬಗೆಯ ನಂಬಿಕೆ. ಅಪರಿಚಿತನೊಬ್ಬನ ಭುಜದ ಮೇಲೆ ನಿಮ್ಮದೇ ಲಾಂಛನ ಕಂಡಾಗ, ಅವನೂ ನೀವು ಪಡೆದ ತರಬೇತಿಯನ್ನೇ ಪಡೆದಿದ್ದಾನೆ, ನೀವು ತೇರ್ಗಡೆಯಾದ ಪರೀಕ್ಷೆಯಲ್ಲೇ ತೇರ್ಗಡೆಯಾಗಿದ್ದಾನೆ ಎಂಬ ಊಹೆ ಅದು. ತರಬೇತಿಯ ಮಟ್ಟವನ್ನು ಸಡಿಲಿಸಿದ ದಿನ ಆ ಲಾಂಛನದ ಬೆಲೆಯೂ ಇಳಿಯುತ್ತದೆ.

ಪ್ರಶ್ನೆ: ಹಳಬರ ನಡುವೆ ಹೊಸಬನೊಬ್ಬ ಬಂದಾಗ ಏನು ಮಾಡಬೇಕು?

ಮೊದಲ ದಿನವೇ ಅವನಿಗೊಬ್ಬ ಜೊತೆಗಾರನನ್ನು ಗೊತ್ತುಮಾಡಿ, ಮೊದಲ ವಾರದಲ್ಲೇ ನಿಜವಾದ ಹೊಣೆಯಿರುವ ಒಂದು ಚಿಕ್ಕ ಕೆಲಸವನ್ನು ಕೊಡಿ. ಜೊತೆಗಾರ ಅತಿ ಹಿರಿಯನಾಗಿರುವುದು ಬೇಡ. ಒಂದೆರಡು ವರ್ಷದ ಹಿಂದೆ ತಾನೂ ಹೊಸಬನಾಗಿದ್ದುದು ನೆನಪಿರುವವನು ಒಳ್ಳೆಯದು.

ಇದನ್ನು ಕಡೆಗಣಿಸಿದರೆ ಏನಾಗುತ್ತದೆ ಎಂಬುದನ್ನು ಅಮೆರಿಕದ ಭೂಸೇನೆ ವಿಯೆಟ್ನಾಂನಲ್ಲಿ ಕಂಡಿತು. ಅಲ್ಲಿ ತುಕಡಿಗಳನ್ನು ಇಡಿಯಾಗಿ ಬದಲಿಸುವ ಬದಲು ಸೈನಿಕರನ್ನು ಒಬ್ಬೊಬ್ಬರನ್ನಾಗಿ ಹನ್ನೆರಡು ತಿಂಗಳ ಅವಧಿಗೆ ಕಳಿಸಲಾಗುತ್ತಿತ್ತು. ಅಧಿಕಾರಿಗಳು ಸಾಮಾನ್ಯವಾಗಿ ಆರು ತಿಂಗಳಷ್ಟೇ ಮುಂಚೂಣಿ ತುಕಡಿಯ ನೇತೃತ್ವ ವಹಿಸುತ್ತಿದ್ದರು. ಹೀಗಾಗಿ ಒಂದೇ ಪ್ಲಟೂನಿನಲ್ಲಿ ನಿನ್ನೆ ಬಂದವನೂ ನಾಳೆ ಹೊರಡುವವನೂ ಇರುತ್ತಿದ್ದರು, ಪ್ರತಿಯೊಬ್ಬನ ಕ್ಯಾಲೆಂಡರೂ ಬೇರೆ ಬೇರೆಯಾಗಿತ್ತು. ದಿನ ಎಣಿಸುವವನಿಗೆ ಅಪಾಯ ಎದುರಿಸುವ ಮನಸ್ಸು ಕುಗ್ಗುತ್ತಿತ್ತು, ಹೊಸಬನಿಗೆ ಕಲಿಸುವ ತಾಳ್ಮೆ ಹಳಬರಿಗೆ ಉಳಿಯುತ್ತಿರಲಿಲ್ಲ. ಈ ಪಾಠದಿಂದಾಗಿ ಅದೇ ಸೈನ್ಯ 1980ರ ದಶಕದಲ್ಲಿ ಒಟ್ಟಿಗೆ ತರಬೇತಿ ಪಡೆದವರನ್ನು ಒಟ್ಟಿಗೇ ಇರಿಸುವ ಪ್ರಯೋಗ ನಡೆಸಿತು. ವರ್ಗಾವಣೆಯ ಪಟ್ಟಿ ಸಿದ್ಧಪಡಿಸುವ ಕಚೇರಿಗೆ ತಾನು ಒಗ್ಗಟ್ಟಿನ ಬಗ್ಗೆ ನಿರ್ಧಾರ ಮಾಡುತ್ತಿದ್ದೇನೆ ಎಂಬ ಅರಿವು ಸಾಮಾನ್ಯವಾಗಿ ಇರುವುದಿಲ್ಲ, ಆದರೆ ಅದು ಮಾಡುತ್ತಿರುವುದು ಅದನ್ನೇ.

ಪ್ರಶ್ನೆ: ಆಧುನಿಕ ಯುದ್ಧದಲ್ಲಿ ಯಾರೂ ಸಾಲಾಗಿ ಹೆಜ್ಜೆ ಹಾಕುವುದಿಲ್ಲ. ಹಾಗಿದ್ದರೂ ಕವಾಯತು ಯಾಕೆ?

ಒಂದೇ ಲಯದಲ್ಲಿ ಮೈ ಚಲಿಸಿದಾಗ ಮನಸ್ಸುಗಳೂ ಸ್ವಲ್ಪ ಹತ್ತಿರವಾಗುತ್ತವೆ ಎಂಬುದಕ್ಕೆ ಆಧಾರವಿದೆ. ಎರಡನೇ ಮಹಾಯುದ್ಧದ ಕಾಲದಲ್ಲಿ ಸ್ವತಃ ಕವಾಯತು ಮಾಡಿದ್ದ ಇತಿಹಾಸಕಾರ ವಿಲಿಯಂ ಮೆಕ್‌ನೀಲ್, ಆ ನಿರರ್ಥಕ ಹೆಜ್ಜೆಗಾರಿಕೆಯಲ್ಲಿ ತನಗೆ ಉಂಟಾದ ವಿಚಿತ್ರ ಹಿಗ್ಗಿನ ಕಾರಣವನ್ನು ದಶಕಗಳ ನಂತರ ಹುಡುಕಲು ಹೊರಟ. ಆಕ್ಸ್‌ಫರ್ಡ್ ವಿಶ್ವವಿದ್ಯಾಲಯದ ದೋಣಿ ತಂಡದವರ ಮೇಲೆ ನಡೆದು 2009ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಒಬ್ಬೊಬ್ಬರೇ ಅಭ್ಯಾಸ ಮಾಡಿದಾಗ ಇದ್ದುದಕ್ಕಿಂತ ತಾಳಬದ್ಧವಾಗಿ ಒಟ್ಟಿಗೆ ಹುಟ್ಟು ಹಾಕಿದಾಗ ಅವರ ನೋವು ತಾಳುವ ಶಕ್ತಿ ಹೆಚ್ಚಿತ್ತು. ಆದರೂ ಕವಾಯತು ಒಂದು ಆರಂಭವಷ್ಟೇ. ಪೆರೇಡ್ ಮೈದಾನದಲ್ಲಿ ಕೂದಲೆಳೆಯಷ್ಟೂ ತಪ್ಪದ ತುಕಡಿಗಳು ಗಸ್ತಿನಲ್ಲಿ ಚದುರಿಹೋದ ಉದಾಹರಣೆಗಳಿಗೆ ಇತಿಹಾಸದಲ್ಲಿ ಬರವಿಲ್ಲ.

ಪ್ರಶ್ನೆ: ಹೊಸಬರಿಗೆ ಸ್ವಲ್ಪ ಕಿರುಕುಳ ಕೊಟ್ಟರೆ ಅವರು ಗಟ್ಟಿಯಾಗುತ್ತಾರೆ, ನಮ್ಮವರಾಗುತ್ತಾರೆ ಎಂದು ಹಿರಿಯರು ಹೇಳುತ್ತಾರೆ. ಇದು ನಿಜವೇ?

ಈ ಮಾತಿನಲ್ಲಿ ಒಂದು ಅರ್ಧಸತ್ಯವಿದೆ, ಅದರಿಂದಲೇ ಅದು ಇಷ್ಟು ದೀರ್ಘಕಾಲ ಬದುಕಿದೆ. ಮನಶ್ಶಾಸ್ತ್ರಜ್ಞರಾದ ಎಲಿಯಟ್ ಆರನ್‌ಸನ್ ಮತ್ತು ಜಡ್ಸನ್ ಮಿಲ್ಸ್ 1959ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಒಂದು ಗುಂಪಿಗೆ ಸೇರಲು ಹೆಚ್ಚು ಮುಜುಗರ ಅನುಭವಿಸಬೇಕಾಗಿ ಬಂದವರು ಆ ಗುಂಪನ್ನು ಹೆಚ್ಚು ಮೆಚ್ಚಿಕೊಂಡರು. ಕಷ್ಟಪಟ್ಟು ಪಡೆದದ್ದನ್ನು ಬೆಲೆಯುಳ್ಳದ್ದು ಎಂದು ನಂಬುವುದು ಮನಸ್ಸಿನ ಒಂದು ಸಮಾಧಾನ. ಆದರೆ ಗಮನಿಸಬೇಕಾದದ್ದೆಂದರೆ, ಅಲ್ಲಿ ಹೆಚ್ಚಿದ್ದು ಗುಂಪಿನ ಬಗೆಗಿನ ಮೆಚ್ಚುಗೆ. ಪಕ್ಕದಲ್ಲಿ ಕುಳಿತವನು ಆಪತ್ತಿನಲ್ಲಿ ಕೈಬಿಡುವುದಿಲ್ಲ ಎಂಬ ಭರವಸೆಯನ್ನು ಆ ಪ್ರಯೋಗ ಅಳೆಯಲೇ ಇಲ್ಲ.

ಕಷ್ಟದ ತರಬೇತಿಗೂ ಕಿರುಕುಳಕ್ಕೂ ಇರುವ ಗೆರೆಯನ್ನು ಗುರುತಿಸುವುದು ಅಷ್ಟೇನೂ ಕಷ್ಟವಲ್ಲ. ತರಬೇತಿಯ ಕಷ್ಟಕ್ಕೆ ಒಂದು ಉದ್ದೇಶವಿರುತ್ತದೆ, ಅದನ್ನು ಕೊಡುವವನೂ ಅದನ್ನು ಅನುಭವಿಸಲು ಸಿದ್ಧನಿರುತ್ತಾನೆ, ಮತ್ತು ಅದು ಬೆಳಕಿನಲ್ಲಿ, ಮೇಲಧಿಕಾರಿಗಳ ಕಣ್ಣೆದುರು ನಡೆಯುತ್ತದೆ. ಕಿರುಕುಳ ನಡೆಯುವುದು ದೀಪ ಆರಿದ ಮೇಲೆ, ಒಬ್ಬನ ಮೇಲೆ ಹಲವರು. ರಷ್ಯಾದ ಸೈನ್ಯದಲ್ಲಿ ‘ಅಜ್ಜಂದಿರ ಆಳ್ವಿಕೆ’ ಎಂಬರ್ಥದ ದೆದೋವ್‌ಷ್ಚಿನಾ ಎಂಬ ಪದ್ಧತಿಯಡಿ ಎರಡನೇ ವರ್ಷದ ಕಡ್ಡಾಯ ಸೈನಿಕರು ಮೊದಲ ವರ್ಷದವರನ್ನು ಹೊಡೆದು ದುಡಿಸಿಕೊಳ್ಳುತ್ತಿದ್ದರು. ಅದರಿಂದ ಸಾವುಗಳು, ಆತ್ಮಹತ್ಯೆಗಳು, ಪಲಾಯನಗಳು ಸಂಭವಿಸಿದವು. 2008ರಲ್ಲಿ ಕಡ್ಡಾಯ ಸೇವೆಯನ್ನು ಒಂದು ವರ್ಷಕ್ಕೆ ಇಳಿಸಿದಾಗ ಈ ಪಿಡುಗಿಗೆ ಕಡಿವಾಣ ಹಾಕುವುದೂ ಉದ್ದೇಶಗಳಲ್ಲಿ ಒಂದಾಗಿತ್ತು. ಹೊಡೆಸಿಕೊಂಡವನು ಕಲಿಯುವ ಪಾಠ ಒಂದೇ: ಇಲ್ಲಿ ಬಲವಿರುವವನಿಂದ ದೂರವಿರಬೇಕು. ಅಂಥವನ ಕೈಗೆ ನಿಮ್ಮ ಬೆನ್ನನ್ನು ಒಪ್ಪಿಸುವುದು ಹೇಗೆ?

ಪ್ರಶ್ನೆ: ನಾಯಕ ತನ್ನ ಜನರ ನಂಬಿಕೆಯನ್ನು ಹೇಗೆ ಗಳಿಸಬೇಕು?

ಇದು ಎಲ್ಲಕ್ಕಿಂತ ಹೆಚ್ಚು ಬರುವ ಪ್ರಶ್ನೆ. ಕೇಳುವವರು ಸಾಮಾನ್ಯವಾಗಿ ದೊಡ್ಡದೊಂದು ಉತ್ತರವನ್ನು ನಿರೀಕ್ಷಿಸುತ್ತಾರೆ, ಯುದ್ಧಭೂಮಿಯಲ್ಲಿ ಎಲ್ಲರಿಗಿಂತ ಮುಂದೆ ನುಗ್ಗುವ ಚಿತ್ರ ಅವರ ಮನಸ್ಸಿನಲ್ಲಿರುತ್ತದೆ. ಅಂಥ ಗಳಿಗೆ ಬಹಳ ಮಂದಿಯ ಸೇವೆಯಲ್ಲಿ ಬರುವುದೇ ಇಲ್ಲ. ಬಂದರೂ, ಹಿಂದೆ ಯಾರಾದರೂ ಬರುತ್ತಾರೋ ಇಲ್ಲವೋ ಎಂಬುದು ಅಷ್ಟರೊಳಗೆ ತೀರ್ಮಾನವಾಗಿರುತ್ತದೆ.

ತೀರ್ಮಾನವಾಗುವುದು ಸಣ್ಣ ವಿಷಯಗಳಲ್ಲಿ. ರಜೆಯ ಅರ್ಜಿ ಮೇಜಿನ ಮೇಲೆ ಎಷ್ಟು ದಿನ ಕೊಳೆಯುತ್ತದೆ? ಊಟದ ಸಾಲಿನಲ್ಲಿ ಅಧಿಕಾರಿ ಎಲ್ಲಿ ನಿಲ್ಲುತ್ತಾನೆ? ಮಳೆಯಲ್ಲಿ ನೆನೆಯುತ್ತಿರುವ ಕಾವಲುಗಾರನ ಬಳಿಗೆ ರಾತ್ರಿ ಎರಡು ಗಂಟೆಗೆ ಯಾರು ಬರುತ್ತಾರೆ? ತುಕಡಿಯ ತಪ್ಪಿಗೆ ಮೇಲಿನವರು ಬೈದಾಗ ‘ನನ್ನ ತಪ್ಪು’ ಎನ್ನುತ್ತಾನೋ, ಒಬ್ಬ ಕಿರಿಯನ ಹೆಸರು ಹೇಳುತ್ತಾನೋ? ಸೈನಿಕರು ಇದನ್ನೆಲ್ಲ ಬಾಯಿಬಿಟ್ಟು ಹೇಳುವುದಿಲ್ಲ, ಆದರೆ ಒಂದನ್ನೂ ಮರೆಯುವುದಿಲ್ಲ. ಹೇಳುವುದು ಶಾಸ್ತ್ರ, ತಿನ್ನುವುದು ಬದನೆಕಾಯಿ ಎಂಬ ಗಾದೆ ಬ್ಯಾರಕ್ಕಿನಲ್ಲಿ ಹುಟ್ಟಿದ್ದಲ್ಲ, ಆದರೆ ಹುಟ್ಟಬಹುದಿತ್ತು. ಡೆಹರಾಡೂನಿನ ಇಂಡಿಯನ್ ಮಿಲಿಟರಿ ಅಕಾಡೆಮಿಯ 1932ರ ಉದ್ಘಾಟನೆಯಲ್ಲಿ ಫೀಲ್ಡ್ ಮಾರ್ಷಲ್ ಚೆಟ್‌ವುಡ್ ಹೇಳಿದ ಮಾತು ಇಂದಿಗೂ ಅಲ್ಲಿನ ಧ್ಯೇಯವಾಗಿ ಉಳಿದಿರುವುದು, ದೇಶದ ಹಿತ ಮೊದಲು, ಕೈಕೆಳಗಿನವರ ಹಿತ ನಂತರ, ನಿನ್ನ ಸ್ವಂತ ಸುಖ ಯಾವಾಗಲೂ ಕೊನೆಗೆ ಎಂಬ ಸರಳ ಕ್ರಮವನ್ನು ಅದು ನಿಗದಿಪಡಿಸಿದ್ದರಿಂದ.

ಮೇಲಿನವರ ಮೇಲಿನ ನಂಬಿಕೆ ಕುಸಿದರೆ ಅಕ್ಕಪಕ್ಕದವರ ನಡುವಿನ ನಂಬಿಕೆ ಯುದ್ಧಕ್ಕೆ ಉಪಯೋಗಕ್ಕೆ ಬರುವುದಿಲ್ಲ ಎಂಬುದಕ್ಕೆ 1917ರ ಫ್ರೆಂಚ್ ಸೈನ್ಯ ಸಾಕ್ಷಿ. ಏಪ್ರಿಲ್‌ನಲ್ಲಿ ಜನರಲ್ ನಿವೆಲ್ ಭಾರೀ ಭರವಸೆಗಳೊಂದಿಗೆ ಆರಂಭಿಸಿದ ದಾಳಿ ರಕ್ತಪಾತದಲ್ಲಿ ಕೊನೆಗೊಂಡ ಮೇಲೆ, ಸುಮಾರು ಅರ್ಧದಷ್ಟು ಡಿವಿಜನ್ನುಗಳಲ್ಲಿ ಅಸಹಕಾರ ಹಬ್ಬಿತು. ಆ ಸೈನಿಕರಲ್ಲಿ ಒಗ್ಗಟ್ಟಿಗೇನೂ ಕೊರತೆಯಿರಲಿಲ್ಲ. ಒಟ್ಟಾಗಿಯೇ ಅವರು ದಾಳಿಗೆ ಒಲ್ಲೆವೆಂದರು, ಕಂದಕಗಳನ್ನು ಕಾಯಲು ಮಾತ್ರ ಬಹುಪಾಲು ಒಪ್ಪಿದರು. ನಿವೆಲ್ ಬದಲಿಗೆ ಬಂದ ಪೆತಾಂ ಕೆಲವರಿಗೆ ಮರಣದಂಡನೆಯನ್ನೂ ವಿಧಿಸಿದ, ಅದನ್ನು ಮುಚ್ಚಿಡುವಂತಿಲ್ಲ. ಆದರೆ ಸೈನ್ಯ ಮತ್ತೆ ನಿಂತದ್ದು ಅವನು ರಜೆಯನ್ನು ಕ್ರಮಬದ್ಧಗೊಳಿಸಿದ್ದರಿಂದ, ಊಟ ಮತ್ತು ವಿಶ್ರಾಂತಿಯನ್ನು ಸುಧಾರಿಸಿದ್ದರಿಂದ, ತುಕಡಿಗಳಿಗೆ ಸ್ವತಃ ಹೋಗಿ ದೂರು ಕೇಳಿದ್ದರಿಂದ ಮತ್ತು ವ್ಯರ್ಥ ದಾಳಿಗಳನ್ನು ನಿಲ್ಲಿಸಿದ್ದರಿಂದ.

ಪ್ರಶ್ನೆ: ತಪ್ಪುಗಳನ್ನು ಎಲ್ಲರೆದುರು ಚರ್ಚಿಸಿದರೆ ಒಡಕು ಬರುವುದಿಲ್ಲವೇ?

ಚರ್ಚಿಸದಿದ್ದರೆ ಬರುವ ಒಡಕು ದೊಡ್ಡದು, ಏಕೆಂದರೆ ಅದು ಬೆನ್ನಹಿಂದೆ ನಡೆಯುತ್ತದೆ. ಅಮೆರಿಕದ ಭೂಸೇನೆ 1970ರ ದಶಕದಲ್ಲಿ ರೂಪಿಸಿದ, ಈಗ ಅನೇಕ ಸೈನ್ಯಗಳು ಅನುಸರಿಸುವ ಕಾರ್ಯೋತ್ತರ ಪರಿಶೀಲನೆಯ ಪದ್ಧತಿಯಲ್ಲಿ, ಪ್ರತಿ ಅಭ್ಯಾಸದ ನಂತರ ಎಲ್ಲ ಶ್ರೇಣಿಯವರೂ ಕುಳಿತು, ಏನಾಗಬೇಕಿತ್ತು, ಏನಾಯಿತು, ಯಾಕೆ ಹಾಗಾಯಿತು, ಮುಂದೆ ಏನು ಮಾಡಬೇಕು ಎಂದು ಮಾತನಾಡುತ್ತಾರೆ. ಇದು ಯಶಸ್ವಿಯಾಗಲು ಒಂದೇ ಗುಟ್ಟು: ಮೊದಲ ತಪ್ಪನ್ನು ಒಪ್ಪಿಕೊಳ್ಳುವವನು ಅಲ್ಲಿರುವವರಲ್ಲಿ ಅತಿ ಹಿರಿಯನಾಗಿರಬೇಕು. ಅಲ್ಲಿ ಹೇಳಿದ ಮಾತು ನಂತರ ಯಾರ ಸೇವಾ ವರದಿಯಲ್ಲಾದರೂ ಕಾಣಿಸಿಕೊಂಡರೆ ಮುಂದಿನ ಸಭೆಯಲ್ಲಿ ಎಲ್ಲವೂ ಸರಿಯಾಗಿತ್ತು ಎಂಬ ಉತ್ತರವೇ ಬರುತ್ತದೆ.

ಪ್ರಶ್ನೆ: ಬೇರೆ ಬೇರೆ ಭಾಷೆ, ಧರ್ಮ, ಜನಾಂಗಗಳವರು ಒಂದೇ ತುಕಡಿಯಲ್ಲಿದ್ದರೆ ಒಗ್ಗಟ್ಟು ಕಷ್ಟವಲ್ಲವೇ?

ಆರಂಭ ಸ್ವಲ್ಪ ನಿಧಾನವಾಗಬಹುದು. 1945ರಲ್ಲಿ ಯುರೋಪಿನಲ್ಲಿ ಸೈನಿಕರ ಕೊರತೆ ಉಂಟಾದಾಗ ಅಮೆರಿಕದ ಕಪ್ಪು ಸ್ವಯಂಸೇವಕರ ಪ್ಲಟೂನುಗಳನ್ನು ಬಿಳಿಯರ ಕಂಪನಿಗಳಿಗೆ ಸೇರಿಸಲಾಯಿತು. ನಂತರ ಸೈನ್ಯವೇ ನಡೆಸಿದ ಸಮೀಕ್ಷೆಯಲ್ಲಿ, ಅವರ ಜೊತೆ ನಿಜವಾಗಿ ಹೋರಾಡಿದ ಬಿಳಿಯ ಸೈನಿಕರ ಅಭಿಪ್ರಾಯ ಬಹುಮಟ್ಟಿಗೆ ಅನುಕೂಲಕರವಾಗಿ ಬದಲಾಗಿತ್ತು. ವಿರೋಧ ಹೆಚ್ಚಾಗಿ ಉಳಿದದ್ದು ಎಂದೂ ಜೊತೆಗಿರದವರಲ್ಲಿ. 1948ರಲ್ಲಿ ಅಧ್ಯಕ್ಷ ಟ್ರೂಮನ್ ಸೈನ್ಯದಲ್ಲಿ ಸಮಾನ ಅವಕಾಶದ ಆದೇಶ ಹೊರಡಿಸಿದರು.

ಸೈನ್ಯದ ಹೊರಗಿನ ಒಂದು ಪ್ರಯೋಗ ಇಲ್ಲಿ ಇನ್ನಷ್ಟು ಬೆಳಕು ಚೆಲ್ಲುತ್ತದೆ. ಮನಶ್ಶಾಸ್ತ್ರಜ್ಞ ಮುಜಾಫರ್ ಶೆರಿಫ್ 1954ರಲ್ಲಿ ಒಕ್ಲಹೋಮಾದ ಬೇಸಿಗೆ ಶಿಬಿರವೊಂದರಲ್ಲಿ ಹುಡುಗರನ್ನು ಎರಡು ಗುಂಪುಗಳಾಗಿಸಿ ಸ್ಪರ್ಧೆಗಿಳಿಸಿದಾಗ ಹಗೆ ಹುಟ್ಟಿತು. ಒಟ್ಟಿಗೆ ಊಟ, ಒಟ್ಟಿಗೆ ಸಿನಿಮಾ ಏರ್ಪಡಿಸಿದರೂ ಅದು ತಣಿಯಲಿಲ್ಲ, ಊಟದ ಮನೆಯೇ ಜಗಳದ ಕಣವಾಯಿತು. ನೀರಿನ ಪೂರೈಕೆ ನಿಂತು, ಎರಡೂ ಗುಂಪುಗಳು ಸೇರಿ ದುರಸ್ತಿ ಮಾಡಬೇಕಾದಾಗ, ಕೆಟ್ಟು ನಿಂತ ಟ್ರಕ್ಕನ್ನು ಎಲ್ಲರೂ ಸೇರಿ ಎಳೆಯಬೇಕಾದಾಗ, ಹಗೆ ಕರಗತೊಡಗಿತು.

ಪ್ರಶ್ನೆ: ಪರಸ್ಪರ ಅಪರಿಚಿತರನ್ನು ಬೇಗನೆ ತಂಡವಾಗಿಸಬೇಕಾದರೆ?

ಎರಡನೇ ಮಹಾಯುದ್ಧದಲ್ಲಿ ಬ್ರಿಟನ್ನಿನ ಬಾಂಬರ್ ಕಮಾಂಡ್ (ಬಾಂಬ್ ದಾಳಿ ವಿಮಾನಗಳ ಪಡೆ) ಒಂದು ಅಚ್ಚರಿಯ ದಾರಿ ಹಿಡಿಯಿತು. ಪೈಲಟ್‌ಗಳು, ದಿಕ್ಕು ನೋಡುವವರು, ರೇಡಿಯೋ ನಿರ್ವಾಹಕರು, ಗನ್ನರ್‌ಗಳನ್ನು ಬೇಕಾದ ಸಂಖ್ಯೆಯಲ್ಲಿ ಒಂದು ಹ್ಯಾಂಗರಿನೊಳಗೆ ಬಿಟ್ಟು, ನಿಮ್ಮ ತಂಡಗಳನ್ನು ನೀವೇ ಕಟ್ಟಿಕೊಳ್ಳಿ ಎಂದರು. ಸುಮಾರು 1,25,000 ಮಂದಿಯಲ್ಲಿ 55,573 ಮಂದಿ ಮಡಿದ ಆ ಸೇವೆಯಲ್ಲಿ, ಯಾರ ಜೊತೆ ಹಾರಬೇಕೆಂಬುದನ್ನು ಸ್ವತಃ ಆಯ್ದುಕೊಂಡದ್ದು ಅವರಿಗೆ ಮುಖ್ಯವಾಗಿತ್ತು. ಎಲ್ಲೆಡೆ ಇದು ಸಾಧ್ಯವಾಗದು. ಆದರೆ ಜೋಡಿಗಳನ್ನು ಗೊತ್ತುಮಾಡುವಾಗ ಸೈನಿಕರನ್ನೇ ಒಂದು ಮಾತು ಕೇಳುವುದಕ್ಕೆ ಯಾವ ಖರ್ಚೂ ಇಲ್ಲ.

ಪ್ರಶ್ನೆ: ಒಗ್ಗಟ್ಟು ಅತಿಯಾಗಬಹುದೇ?

ಆಗಬಹುದು, ಮತ್ತು ಆದಾಗ ಹೊರಗಿನವರು ಬೆಲೆ ತೆರುತ್ತಾರೆ. 1993ರಲ್ಲಿ ಸೋಮಾಲಿಯಾದಲ್ಲಿದ್ದ ಕೆನಡಾದ ವಾಯುಗಾಮಿ ರೆಜಿಮೆಂಟಿನ ಸೈನಿಕರು ಸೆರೆಸಿಕ್ಕ ಹದಿಹರೆಯದವನೊಬ್ಬನನ್ನು ಹಿಂಸಿಸಿ ಕೊಂದರು. ಚೀರಾಟ ಕೇಳಿದವರು ಹಲವರಿದ್ದರೂ ಯಾರೂ ತಡೆಯಲಿಲ್ಲ. ನಂತರ ಅದೇ ರೆಜಿಮೆಂಟಿನ ಅವಮಾನಕರ ದೀಕ್ಷಾ ಆಚರಣೆಗಳ ವಿಡಿಯೋಗಳೂ ಹೊರಬಂದು, 1995ರಲ್ಲಿ ಸರ್ಕಾರ ರೆಜಿಮೆಂಟನ್ನೇ ವಿಸರ್ಜಿಸಿತು. ಹೊರನೋಟಕ್ಕೆ ಅದು ಬಹಳ ಒಗ್ಗಟ್ಟಿನ ತುಕಡಿಯಾಗಿತ್ತು.

ಇದಕ್ಕೆ ಎದುರಾಗಿ, 1968ರ ಮಾರ್ಚ್ 16ರಂದು ವಿಯೆಟ್ನಾಂನ ಮೈ ಲಾಯ್ ಗ್ರಾಮದಲ್ಲಿ ತನ್ನದೇ ಸೈನ್ಯದವರು ನಾಗರಿಕರನ್ನು ಕೊಲ್ಲುತ್ತಿರುವುದನ್ನು ಕಂಡ ಅಮೆರಿಕದ ಪೈಲಟ್ ಹ್ಯೂ ಥಾಂಪ್ಸನ್ ತನ್ನ ಹೆಲಿಕಾಪ್ಟರನ್ನು ಸೈನಿಕರು ಮತ್ತು ನಾಗರಿಕರ ನಡುವೆ ಇಳಿಸಿ, ನಾಗರಿಕರ ಮೇಲೆ ಗುಂಡು ಹಾರಿಸಿದರೆ ನಮ್ಮವರ ಮೇಲೆಯೇ ಹಾರಿಸಿ ಎಂದು ತನ್ನ ಇಬ್ಬರು ಸಹಚರರಿಗೆ ಆಜ್ಞಾಪಿಸಿದ. ಅವರು ಅವನ ಜೊತೆ ನಿಂತರು. ಅದೂ ಒಡನಾಟವೇ. ಆ ಮೂವರಿಗೆ ಪದಕ ಸಿಗಲು 1998 ಬರಬೇಕಾಯಿತು, ಅವರಲ್ಲೊಬ್ಬ ಅಷ್ಟರೊಳಗೆ ಯುದ್ಧದಲ್ಲೇ ತೀರಿಹೋಗಿದ್ದ. ಸಹಸೈನಿಕನ ಅಪರಾಧ ಮುಚ್ಚಿಡುವುದು ನಿಷ್ಠೆ ಎಂದು ಯಾರಾದರೂ ನಿಮಗೆ ಹೇಳಿದರೆ, ಆ ನಿಷ್ಠೆ ಯಾರಿಗೆ ಸಲ್ಲುತ್ತಿದೆ ಎಂದು ಕೇಳಿ.

ಪ್ರಶ್ನೆ: ಜೊತೆಗಾರನ ಮನಸ್ಸು ಕುಗ್ಗಿದೆ ಎನಿಸಿದರೆ ನಾನು ಏನು ಮಾಡಬಹುದು?

ಹತ್ತಿರ ಇರಿ, ನೇರವಾಗಿ ಕೇಳಿ, ಅವನೊಬ್ಬನನ್ನೇ ಬಿಡಬೇಡಿ. ತನ್ನ ಜೀವಕ್ಕೆ ಅಪಾಯ ಮಾಡಿಕೊಳ್ಳುವ ಸುಳಿವಿದ್ದರೆ ತಡಮಾಡದೆ ವೈದ್ಯಾಧಿಕಾರಿಗೆ ತಿಳಿಸಿ. ಇದು ಚಾಡಿ ಹೇಳುವುದಲ್ಲ. ಮೊದಲ ಮಹಾಯುದ್ಧದಲ್ಲಿ ಬ್ರಿಟಿಷ್ ಮತ್ತು ಫ್ರೆಂಚ್ ಅನುಭವವನ್ನು 1917ರಲ್ಲಿ ಅಧ್ಯಯನ ಮಾಡಿದ ವೈದ್ಯ ಥಾಮಸ್ ಸಾಲ್ಮನ್, ಮನಸ್ಸು ಮುರಿದ ಸೈನಿಕರನ್ನು ದೂರದ ಆಸ್ಪತ್ರೆಗೆ ಸಾಗಿಸುವ ಬದಲು ತಮ್ಮ ತುಕಡಿಯ ಹತ್ತಿರವೇ, ಬೇಗನೆ ಆರೈಕೆ ಮಾಡಬೇಕೆಂದು ಶಿಫಾರಸು ಮಾಡಿದ. 1990ರ ದಶಕದ ಕೊನೆಯಲ್ಲಿ ಬ್ರಿಟನ್ನಿನ ರಾಯಲ್ ಮರೀನ್ಸ್ ರೂಪಿಸಿದ ವ್ಯವಸ್ಥೆಯಲ್ಲಿ ತರಬೇತಿ ಪಡೆದ ಸಹಸೈನಿಕರೇ ಆಘಾತಕರ ಘಟನೆಯ ನಂತರ ಮಾತನಾಡಿಸಿ, ಯಾರಿಗೆ ಹೆಚ್ಚಿನ ನೆರವು ಬೇಕೆಂದು ಗುರುತಿಸುತ್ತಾರೆ. ವೈದ್ಯನಿಗೆ ಹೇಳದ್ದನ್ನು ಸೈನಿಕ ಪಕ್ಕದ ಹಾಸಿಗೆಯವನಿಗೆ ಹೇಳುತ್ತಾನೆ.

ಪ್ರಶ್ನೆ: ಕಾರ್ಯಾಚರಣೆ ಮುಗಿದು ಎಲ್ಲರೂ ಚದುರಿದ ಮೇಲೆ?

ಆ ಚದುರುವಿಕೆಯೇ ಒಂದು ಪೆಟ್ಟು. 2002ರಲ್ಲಿ ಅಫ್ಘಾನಿಸ್ತಾನದಿಂದ ಮರಳುತ್ತಿದ್ದ ಕೆನಡಾದ ತುಕಡಿಯನ್ನು ನೇರ ಮನೆಗೆ ಕಳಿಸದೆ ಗುವಾಮ್ ದ್ವೀಪದಲ್ಲಿ ಕೆಲವು ದಿನ ಒಟ್ಟಿಗೆ ಇರಿಸಲಾಯಿತು; ಬ್ರಿಟನ್ ಇದೇ ಉದ್ದೇಶಕ್ಕೆ ಸೈಪ್ರಸ್ ಅನ್ನು ಬಳಸಿತು. ಮಡಿದವರ ಬಗ್ಗೆ, ಹೇಳಲಾಗದೆ ಉಳಿದದ್ದರ ಬಗ್ಗೆ, ಅದನ್ನು ಕಂಡವರ ಜೊತೆಯೇ ಮಾತನಾಡಲು ಸಿಗುವ ಕೊನೆಯ ಅವಕಾಶ ಅದು. ನಿವೃತ್ತರಾದವರು ತಿಂಗಳಿಗೊಮ್ಮೆ ಒಬ್ಬರಿಗೆ ಫೋನ್ ಮಾಡುವ ಕ್ರಮ ಇಟ್ಟುಕೊಂಡರೆ ಒಳ್ಳೆಯದು; ‘ಬೇಕಾದರೆ ಕರೆ ಮಾಡು’ ಎಂದು ಹೇಳಿ ಬಿಟ್ಟರೆ, ಬೇಕಾದವನೇ ಕರೆ ಮಾಡುವುದಿಲ್ಲ.

ಪ್ರಶ್ನೆ: ನನ್ನ ತುಕಡಿಯಲ್ಲಿ ನಂಬಿಕೆ ಇದೆಯೇ ಎಂದು ತಿಳಿಯುವುದು ಹೇಗೆ?

ಪ್ರಶ್ನಾವಳಿಗಳಿವೆ, ಆದರೆ ಸೈನಿಕರು ಮೇಲಧಿಕಾರಿಗೆ ಬೇಕಾದ ಉತ್ತರವನ್ನು ಗುರುತು ಹಾಕುವುದರಲ್ಲಿ ನಿಪುಣರು. ಬೇರೆ ಸುಳಿವುಗಳನ್ನು ನೋಡಿ. ಕಳೆದುಹೋದ ಸಲಕರಣೆಯ ಬಗ್ಗೆ ನಿಮಗೆ ಮೊದಲು ತಿಳಿಸುವವನು ಅದನ್ನು ಕಳೆದವನೇ ಆಗಿದ್ದಾನೆಯೇ? ಕಿರಿಯನೊಬ್ಬ ನಕ್ಷೆಯಲ್ಲಿ ಹಿರಿಯನ ತಪ್ಪನ್ನು ತೋರಿಸಿದಾಗ ಉಳಿದವರು ನಕ್ಷೆಯನ್ನು ನೋಡುತ್ತಾರೋ, ಹಿರಿಯನ ಮುಖವನ್ನು ನೋಡುತ್ತಾರೋ? ದೀರ್ಘ ನಡಿಗೆಯಲ್ಲಿ ಹಿಂದೆ ಬಿದ್ದವನ ಹೊರೆ ಯಾರೂ ಹೇಳದೆಯೇ ಬೇರೆಯವರ ಬೆನ್ನಿಗೆ ಹಂಚಿಹೋಗುತ್ತದೆಯೇ? ಪಹರೆ ಬದಲಾಗುವ ಹೊತ್ತಿಗೆ ಮುಂದಿನವನು ತಾನಾಗಿ ಎದ್ದು ಐದು ನಿಮಿಷ ಮುಂಚೆಯೇ ಬರುತ್ತಾನೆಯೇ, ಅಥವಾ ಪ್ರತಿ ಸಲವೂ ಅವನನ್ನು ಎಬ್ಬಿಸಲು ಒಬ್ಬರು ಹೋಗಬೇಕೇ?